ಬುತ್ತಿ ಹೊತ್ತ ಹುಳ

— ಚೀಲದ ಮ್ಯಾಲ ಕೂಡಬ್ಯಾಡ ತಂಗಿ, ಧೂಳು ಹತ್ತತದ. ಈ ಕಟ್ಟಿ ಮ್ಯಾಲ ಬಾ. ಟೆಂಡರ್ ಬಿಡ್ಲಾಕ ಇನ್ನಾ ವ್ಯಾಳ್ಯಾ ಅದ. ಚಹಾ ಹೇಳ್ಲೇನು?

— ಹೇಳ್ರಿ ಕಾಕಾ. ಈ ಸಲ ರಾಶಿ ಹ್ಯಾಂಗಾತು?

— ಆತು, ಹೊಟ್ಟಿಗಾತು. ತೊಗೊ, ಈ ಬೊಗಸಿ ಒಳಗ ನೀನೇ ನೋಡು. ಹತ್ತು ಕಾಳಿನಾಗ ಒಂದಕ್ಕ ತೂತು. ಖರೀದಿ ಮಾಡಾವ ಹಿಂಗ ಅಂಗೈಯಾಗ ಉರುಳಿಸಿ ನೋಡ್ತಾನ. ಅಂವ ಬಾಯಿ ಬಿಡೂದ್ರಾಗ ನನಗ ತಿಳೀತದ, ಕ್ವಿಂಟಾಲಿಗಿ ಎಷ್ಟು ಮುರಕೊಳ್ತಾನಂತ. 2025-26ಕ್ಕ ಬೆಂಬಲ ಬೆಲಿ 8,000 ರೂಪಾಯಿ ಅಂತ ಪೇಪರಿನಾಗ ಬಂದಿತ್ತು, 2019ರಾಗ ನಮ್ಮ ಕಲಬುರಗಿ ತೊಗರಿಬ್ಯಾಳಿಗಿ ಜಿಐ ಅನ್ನೂ ಶಿಕ್ಕಾನೂ ಬಿದ್ದದ. ಕಾಯಿ ಕೊರಿಯೂ ಕೀಡಿ ಇದ್ಯಾವುದನ್ನೂ ಓದಂಗಿಲ್ಲ.

— ಆ ಕೀಡಿ ಸಲುವಾಗೇ ಬಂದೀನ್ರಿ. ನಿಮ್ಮ ಹೊಲದ ಮಣ್ಣು ಬೇಕಾಗ್ಯದ, ಒಂದೆರಡು ಸೇರು.

— ಕೀಡಿ ಇರೂದು ಕಾಯಾಗ, ನೀ ಕೇಳೂದು ಮಣ್ಣು. ಇದೇ ಓದ್ಲಾಕ ರಾಯಚೂರಿಗಿ ಹೋಗಿ ಏನು?

— ಮಣ್ಣಾಗ ಹುಳ ಹುಡಕಬೇಕಾಗ್ಯದ. ಕೀಡಿ ಕೊಲ್ಲೂ ಹುಳ. ಪುಸ್ತಕದಾಗ ಜಂತುಹುಳ ಅಂತ ಬರೀತಾರ, ಮಂದಿ ನೆಮಟೋಡ್ ಅಂತಾರ.

— ಜಂತು ಅಂದ್ರ ಬೇರಿಗಿ ಗಂಟು ಕಟ್ಟೂ ಜಂತೇನ? ಬದನಿಕಾಯಿ ತ್ವಾಟಾನೇ ತಿಂದದ ಅದು. ಅದನ್ನ ಹುಡಕಲಾಕ ನನ್ನ ಮಣ್ಣು ಕೊಡಂಗಿಲ್ಲ.

— ಕುಲ ಒಂದೇ, ನಡತಿ ಬ್ಯಾರೆ. ಇವು ಗಿಡ ಮುಟ್ಟಂಗಿಲ್ಲ. ಮಣ್ಣಾಗ ಕಾಯ್ಕೋತ ಕೂಡೂ ಮರಿ ಉದ್ದ ಅರ್ಧ ಮಿಲಿಮೀಟರಿನ ಆಚೀಚೆ, ಬರೇ ಕಣ್ಣಿಗಿ ಕಾಣೂದು ಕಷ್ಟ. ಬಾಯಿ ಮುಚ್ಚಿರ್ತದ, ಏನೂ ತಿನ್ನಂಗಿಲ್ಲ, ಮೈಯಾಗಿನ ಕೊಬ್ಬು ಕರಗಿಸಿಕೋತ ತಿಂಗಳುಗಟ್ಟಲೆ ಜೀವ ಹಿಡೀತದ. ಹೊಟ್ಯಾಗ ಮಾತ್ರ ಒಂದು ಬುತ್ತಿ ಗಂಟು ಇರ್ತದ.

— ಬುತ್ತಿ ಇದ್ದೂ ಉಪವಾಸ?

— ಬುತ್ತಿ ತನಗ ಅಲ್ಲರಿ, ಕೀಡಿಗಿ. ಅದರಾಗ ಇರೂದು ಬ್ಯಾಕ್ಟೀರಿಯಾ.

— ಹಾಂಗಂದ್ರ ಇದು ಹುಳದ ಕತಿ ಅಲ್ಲ, ಬುತ್ತಿ ಕತಿ. ಹೇಳು. ಚಹಾ ಬಂತು ನೋಡು, ತೊಗೊ.

— ಮಣ್ಣಿನ ಕಣಗೋಳ ನಡುವ ತೆಳ್ಳನ ನೀರಿನ ಪೊರಿ ಇರ್ತದಲ್ಲ, ಅದರಾಗ ಈಜಿಕೋತ ಸರೀತದ. ಕೀಡಿ ಬಿಟ್ಟ ಉಸರಿನ ಜಾಡು ಹಿಡೀತದ. ಹತ್ತಿರ ಹೋಗಿ ಬಾಯಿಲಿಂದೋ, ಹಿಂದಿಲಿಂದೋ, ಮಗ್ಗಲಿನ ಉಸರ ತೂತಿಲಿಂದೋ ಒಳಗ ನುಗ್ತದ. ಒಂದು ಜಾತಿಗಿ ತಲಿ ತುದಿಗಿ ಸಣ್ಣ ಹಲ್ಲೇ ಅದ, ತೆಳ್ಳನ ಚರ್ಮ ಇದ್ದಲ್ಲಿ ಹರಕೊಂಡೇ ಹೋಗ್ತದ. ರಕ್ತಕ್ಕ ಮುಟ್ಟಿದ ಮ್ಯಾಲ ಬುತ್ತಿ ಬಿಚ್ತದ. ಅಂದ್ರ ಬ್ಯಾಕ್ಟೀರಿಯಾ ಕಾರ್ತದ. ಒಂದೆರಡು ದಿನದಾಗ ಕೀಡಿ ಸಾಯ್ತದ.

— ಅಷ್ಟು ಸಣ್ಣ ಹುಳ ಎಷ್ಟು ಕಾರೀತು? ನಮ್ಮ ಕೀಡಿ ನನ್ನ ಬಟ್ಟಿನಷ್ಟು ದಪ್ಪ ಇರ್ತದ.

— ಹತ್ತಾರು, ಇಲ್ಲಾ ನೂರಿನ ಆಚೀಚೆ. ಆದ್ರ ಈ ಬ್ಯಾಕ್ಟೀರಿಯಾ ಲೆಕ್ಕಾ ಬ್ಯಾರೆ. ಸೂಜಿಲಿಂದ, ಜೇನಿನ ಮೇಣ ತಿನ್ನೂ ಮೇಣದ ಹುಳಕ್ಕ ಹತ್ತರೊಳಗ ಕಣ ಚುಚ್ಚಿದ್ರೂ ಸಾಕಾಗೂ ಜಾತಿ ಅವ. ಕೀಡಿ ರಕ್ತದಾಗೂ ಕಾವಲುಗಾರ ಕಣ ಇರ್ತಾವ. ಹೊರಗಿನಾವ ಬಂದ್ರ ಸುತ್ತಗಟ್ಟಿ, ಗಂಟು ಹಾಕಿ, ಕರ್ರಗ ಮಾಡಿ ಬಿಡ್ತಾವ. ಝೀನೊರ್ಹ್ಯಾಬ್ಡಸ್ ಅನ್ನೂ ಬ್ಯಾಕ್ಟೀರಿಯಾ ಏನು ಮಾಡ್ತದಂದ್ರ, ಆ ಕಾವಲುಗಾರರಿಗಿ ಸುದ್ದಿ ಮುಟ್ಟಿಸೂ ರಾಸಾಯನಿಕ ತಯಾರಾಗೂದನ್ನೇ ತಡೀತದ.

— ಠಾಣೆದ ಫೋನಿನ ವೈರ್ ಕತ್ತರಿಸಿ ಆಮ್ಯಾಲ ಕಳವು.

— ಅದೇ. ಇನ್ನೊಂದು ಅದ, ಫೋಟೊರ್ಹ್ಯಾಬ್ಡಸ್ ಅಂತ. ಅದಕ್ಕ ವಿಷ ಒಂದಲ್ಲ, ಒಂದು ಅಂಗಡಿ ತುಂಬ. 2002ರಾಗ ಇಂಗ್ಲೆಂಡಿನ ವಿಜ್ಞಾನಿಗೋಳು ಅದರಾಗಿನ ಒಂದು ವಿಷದ ಜೀನು ಹುಡಕಿ, ಅದಕ್ಕ ಇಟ್ಟ ಹೆಸರಿನ ಅರ್ಥನೇ ‘ಕೀಡಿನ್ನ ಜೋಲು ಬೀಳಸೂದು’ ಅಂತ.

— ಹೆಸರು ಇಡ್ಲಾಕ ಮತ್ತೇನೂ ಸಿಗಲಿಲ್ಲೇನು?

— ನೋಡಿದ್ದನ್ನೇ ಇಟ್ಟಾರ. ಕೀಡಿಗಿ ಎಲುಬಿಲ್ಲ, ಒಳಗಿನ ನೀರಿನ ಬಿಗಿಯೇ ಅದರ ಎಲುಬು. ಈ ವಿಷ ಕರಳಿನ ಗ್ವಾಡಿ ಕಣಗೋಳಿಗಿ ‘ನೀವು ಸಾಯ್ರಿ’ ಅಂತ ಆಜ್ಞಾ ಕೊಟ್ಟಂಗ. ಗ್ವಾಡಿ ಕುಸದ್ರ ಬಿಗಿ ಹೋತು, ಕೀಡಿ ನೀರು ಬಸದ ರಬ್ಬರ್ ಚೀಲ ಆತು. ಇದೇ ಕುಲದ ಬ್ಯಾರೆ ವಿಷಗೋಳು ತಿಂದ್ರೂ ಕೊಲ್ತಾವ, ಚುಚ್ಚಲಾಕೇ ಬೇಕಂತಿಲ್ಲ. ಅಂಥದೊಂದರ ಜೀನು ಒಂದು ಸಸಿಯೊಳಗ ಸೇರಿಸಿ ಕೀಡಿ ತಡದು ತೋರಿಸ್ಯಾರ, 2003ರಾಗ.

— ಸತ್ತ ಮ್ಯಾಲ?

— ಅಲ್ಲಿಂದೇ ಖರೆ ಕತಿ ಸುರು. ಸತ್ತ ಕೀಡಿ ಒಂದು ಗೋದಾಮು ಇದ್ದಂಗ. ಬ್ಯಾಕ್ಟೀರಿಯಾ ಒಳಗಿನ ಮಾಲೆಲ್ಲ ಕರಗಿಸಿ ಅಂಬಲಿ ಮಾಡ್ತದ, ತಾನೂ ಕೋಟಿಗಟ್ಟಲೆ ಆಗ್ತದ. ಹುಳ ಆ ಅಂಬಲಿ, ಆ ಬ್ಯಾಕ್ಟೀರಿಯಾ ಎರಡೂ ತಿಂದು ದೊಡ್ಡದಾಗ್ತದ, ತತ್ತಿ ಇಡ್ತದ, ಎರಡು ಮೂರು ತಲಿಮಾರು ಅದರಾಗೇ ಕಳೀತಾವ. ಗೋದಾಮಿಗಿ ಕಳ್ಳರು ಬರಬಾರದಲ್ಲ? ಅದಕ್ಕ ಬ್ಯಾಕ್ಟೀರಿಯಾ ಬ್ಯಾರೆ ಸೂಕ್ಷ್ಮಜೀವಿ ಕೊಲ್ಲೂ ಔಷಧ ಬಿಡ್ತದ. ಹೆಣ ನಾರಂಗಿಲ್ಲ. ಇರುವಿ ಮೂಸಿ ನೋಡಿ ಹೊಳ್ಳಿ ಹೋಗೂ ಹಂಗ ಬ್ಯಾರೇನೋ ಕೂಡಸ್ತದ. ಫೋಟೊರ್ಹ್ಯಾಬ್ಡಸ್ ಹೊಕ್ಕ ಕೀಡಿ ಇಟ್ಟಂಗಿ ಕೆಂಪಾಗ್ತದ, ಝೀನೊರ್ಹ್ಯಾಬ್ಡಸ್ ಹೊಕ್ಕಿದ್ದು ಮಾಸಲು ಹಳದಿ. ನಾವು ಬಣ್ಣ ನೋಡೇ ಯಾರ ಕೆಲಸ ಅಂತ ಹೇಳ್ತೀವಿ.

— ಇಲ್ಲಿ ಹಮಾಲರೂ ಹಂಗೇ, ಚೀಲದ ಹೊಲಿಗಿ ನೋಡಿ ಯಾವ ಮಿಲ್ಲಿನ ಬ್ಯಾಳಿ ಅಂತಾರ.

— ಕೆಂಪಾದ ಕೀಡಿ ಕತ್ತಲ್ಯಾಗ ಮಿಣಕ್ ಅಂತದ, ಕಾಕಾ.

— ಮಿಂಚುಹುಳದಂಗ?

— ಅಷ್ಟು ಇಲ್ಲ. ಬಾಗಲಾ ಹಾಕೊಂಡು ಹತ್ತು ಮಿನಿಟು ಕತ್ತಲ್ಯಾಗ ಕೂತ್ರ ಕಣ್ಣಿಗಿ ಹೊಂದತದ, ಆಮ್ಯಾಲ ಮಸಕು ಹಸರು ನೀಲಿ. ಆ ಹೆಸರಿನಾಗ ‘ಫೋಟೊ’ ಅಂತ ಇರೂದೇ ಬೆಳಕಿನ ಸಲುವಾಗಿ. ಅಮೇರಿಕಾದಾಗ 1862ರ ಏಪ್ರಿಲ್‌ದಾಗ ಶೈಲೋ ಅನ್ನೂ ಕಡೆ ಅಂತರ್ಯುದ್ಧದ ಒಂದು ಕಾಳಗ ಆತು. ಗಾಯ ಆದ ಸಿಪಾಯಿಗೋಳು ಎರಡು ದಿನ ಮಳಿ ಕೆಸರಾಗ ಬಿದ್ದಿದ್ರು. ಕೆಲವರ ಗಾಯ ರಾತ್ರಿ ಹೊಳೀತಿತ್ತಂತ, ಹಂಗ ಹೊಳದವರು ಹೆಚ್ಚು ಬದಕಿದ್ರಂತ ಮಾತು. ದೇವದೂತರ ಬೆಳಕು ಅಂತ ಹೆಸರಿಟ್ರು. 2001ರಾಗ ಇಬ್ಬರು ಸಾಲಿ ಹುಡುಗರು ವಿಚಾರ ಮಾಡಿದ್ರು, ಇದು ಫೋಟೊರ್ಹ್ಯಾಬ್ಡಸ್ ಯಾಕಾಗಿರಬಾರದಂತ. ಮನಷಾನ ಮೈ ಶಾಖಕ್ಕ ಆ ಜಾತಿ ಬದುಕಂಗಿಲ್ಲ, ಆದ್ರ ಥಂಡಿಯಾಗ ಬಿದ್ದವರ ಮೈ ಆರಿತ್ತು. ಬ್ಯಾರೆ ಕೊಳಿಸೂ ರೋಗಾಣು ಕೊಂದು ಗಾಯ ಉಳಿಸಿರಬೇಕು ಅಂತ ತರ್ಕ.

— ಖರೆ ಅದೇನು?

— ಹೊಂದತದ. ರುಜುವಾತಾಗಿಲ್ಲ.

— ಅದು ಸರಿ ಮಾತು. ನಿಮ್ಮ ಓದಿನಾಗ ಅಷ್ಟಾದ್ರೂ ಕಲಸ್ಯಾರಲ್ಲ. ಈಗ ನನಗ ಪಾಲಿನ ಲೆಕ್ಕಾ ಹೇಳು. ಮೂವತ್ತು ವರ್ಷ ಈ ಗಂಜಿನಾಗ ಪಾಲುದಾರಿಕಿ ಅಂಗಡಿಗೋಳು ನೋಡೀನಿ. ಒಬ್ಬ ಹೊರತಾನ, ಒಬ್ಬ ಗಲ್ಲಾದ ಮ್ಯಾಲ ಕೂಡ್ತಾನ, ಕಡೀಗಿ ಇಬ್ಬರೂ ಕೋರ್ಟಿನ ಕಟ್ಟಿ ಮ್ಯಾಲ ಕೂಡ್ತಾರ. ಇವರಿಬ್ಬರಾಗ ಯಾರು ಯಾರಿಗಿ ಮೋಸ ಮಾಡ್ತಾರ?

— ಮಾಡೂದು ಕಷ್ಟ. ಬ್ಯಾಕ್ಟೀರಿಯಾಕ್ಕ ಮಣ್ಣಾಗ ತಾನೇ ಬದುಕಲಾಕ ಬರಂಗಿಲ್ಲ, ಹುಳದ ಹೊಟ್ಟಿ ಇಲ್ಲಾ ಕೀಡಿ ಹೆಣ, ಎರಡೇ ಅದರ ಮನಿ. ಹುಳಕ್ಕ ಬ್ಯಾಕ್ಟೀರಿಯಾ ಇಲ್ಲದ ಸಂಸಾರ ಆಗಂಗಿಲ್ಲ. ಆದ್ರ ಪ್ರಯೋಗಶಾಲ್ಯಾಗ ಬ್ಯಾಕ್ಟೀರಿಯಾನ ಒಂದನ್ನೇ ಭಾಳ ದಿನ ಬೆಳಸಿದ್ರ ಕೆಲವು ಮುಖ ತಿರಗಸ್ತಾವ. ಬೆಳಕು ಕಡಿಮಿ, ಔಷಧ ಬಿಡೂದು ಕಡಿಮಿ, ಹುಳ ಸಾಕೂದು ಬಿಟ್ಟೇ ಬಿಡ್ತಾವ. ನಾವು ಅದಕ್ಕ ಎರಡನೇ ರೂಪ ಅಂತೀವಿ.

— ನಾವು ದಿವಾಳಿ ಅಂತೀವಿ. ಮತ್ತ ಬುತ್ತಿ ಮರಿ ಹೊಟ್ಟಿಗಿ ಹ್ಯಾಂಗ ಹೋಗ್ತದ? ತಾಯಿ ಕಟ್ಟಿ ಕೊಡ್ತಾಳೇನು?

— ಕೊಡ್ತಾಳ. ಹ್ಯಾಂಗ ಅಂತ ಕೇಳಬ್ಯಾಡ್ರಿ, ಚಹಾ ಕುಡೀಲಾಕತ್ತೀರಿ.

— ಹೇಳು ಹೇಳು.

— ಮಾಲು ಮುಗೀಲಾಕ ಬಂತು ಅಂದಾಗ ಫೋಟೊರ್ಹ್ಯಾಬ್ಡಸ್ ಹೊರೂ ಹುಳದ ತಾಯಿ ತತ್ತಿ ಹೊರಗ ಇಡೂದು ನಿಲ್ಲಸ್ತಾಳ. ತತ್ತಿ ಹೊಟ್ಯಾಗೇ ಒಡೀತಾವ. ಮರಿಗೋಳು ತಾಯಿನ್ನ ಒಳಗಿಂದೇ ತಿಂದು ಬೆಳೀತಾವ. ಆಕಿ ಕರಳಿನ ಕಡೀ ತುದ್ಯಾಗ ಉಳಸಿಟ್ಟ ಒಂದಿಷ್ಟು ಬ್ಯಾಕ್ಟೀರಿಯಾ ಆಗೇ ಮರಿಗೋಳಿಗಿ ದಾಟ್ತದ. ಒಂದೊಂದು ಮರಿಗಿ ಮೊದಲು ದಾಟೂದು ಒಂದೋ ಎರಡೋ ಕಣ, ಅದೇ ಬೆಳದು ಬುತ್ತಿ ಆಗ್ತದ. ಆಮ್ಯಾಲ ಬಾಯಿ ಮುಚ್ಚಿಕೊಂಡು ಸಾಲುಗಟ್ಟಿ ಹೊರಗ ಬರ್ತಾವ, ಒಂದು ದೊಡ್ಡ ಕೀಡಿಲಿಂದ ಒಂದೆರಡು ಲಕ್ಷ.

— ...

— ಯಾಕ್ರಿ ಕಾಕಾ?

— ಏನಿಲ್ಲ. ನಿಮ್ಮಜ್ಜಿ ನೆನಪಾತು. ಬರಗಾಲದಾಗ ತನ್ನ ತಾಟು ನಮಗ ಸರಸ್ತಿದ್ದಳು.

— ನಾ ಮೊದಲ ಸಲ ಓದಿದಾಗ ಆ ಪುಟ ಮುಚ್ಚಿಟ್ಟು ಎದ್ದು ಹೋಗಿದ್ದೆ.

— ಇರಲಿ. ವ್ಯಾಪಾರಕ್ಕ ಬಾ. ಎಕರೆಕ್ಕ ಎಷ್ಟು ಹುಳ ಬೇಕು?

— ಹೆಕ್ಟೇರಿಗಿ 250 ಕೋಟಿ ಅಂತ ವಾಡಿಕಿ ಲೆಕ್ಕ.

— ಎಕರೆಕ್ಕ 100 ಕೋಟಿ ಆತು. ಒಂದು ಕೀಡಿಲಿಂದ ಎರಡು ಲಕ್ಷ ಅಂದಿ. ಅಂದ್ರ 5,000 ಕೀಡಿ ಸಾಕಿ ಸಾಯಿಸಬೇಕು, ನನ್ನ ಒಂದು ಎಕರೆ ಕೀಡಿ ಸಾಯಿಸ್ಲಾಕ. ಯವ್ವಾ, ಇದು ಕೀಡಿ ಎಣ್ಣಿ ಹೊಡಿಯೂದಕ್ಕಿಂತ ತುಟ್ಟಿ ಆಗಲಿಲ್ಲೇನು?

— ಬಾಯಿಲೆಕ್ಕದಾಗ ನಿಮ್ಮನ್ನ ಮೀರಸೂದು ಆಗಂಗಿಲ್ಲ. ಸಣ್ಣ ಪ್ರಮಾಣಕ್ಕ ಹಂಗೇ ಸಾಕ್ತಾರ, ಜೇನುಪೆಟ್ಟಿಗಿ ಮೇಣ ತಿನ್ನೂ ಹುಳದಾಗ. ದೊಡ್ಡ ಕಂಪನಿಗೋಳು ಸಾವಿರಾರು ಲೀಟರಿನ ಟ್ಯಾಂಕಿನಾಗ ಮೊದಲು ಬ್ಯಾಕ್ಟೀರಿಯಾ ಬೆಳಸಿ, ಆಮ್ಯಾಲ ಅದರಾಗ ಹುಳ ಬಿಡ್ತಾರ. ಅಲ್ಲಿ ಬ್ಯಾಕ್ಟೀರಿಯಾ ಮುಖ ತಿರಗಿಸ್ತು ಅಂದ್ರ ಟ್ಯಾಂಕಿಗಿ ಟ್ಯಾಂಕೇ ನಷ್ಟ. ಬೆಂಗಳೂರು ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯವರು ನಮ್ಮ ದೇಶದ್ದೇ ಒಂದು ಹುಳಾನ ಹಿಟ್ಟಿನ ರೂಪಕ್ಕ ತಂದಾರ, ಕಬ್ಬು ಅಡಕಿ ಬೇರಿನ ಗೊಣ್ಣಿ ಹುಳಕ್ಕ ಕೊಡ್ತಾರ. ಹೆಟೆರೊರ್ಹ್ಯಾಬ್ಡೈಟಿಸ್ ಇಂಡಿಕಾ ಅಂತ ಅದರ ಹೆಸರು. ಕೊಯಮತ್ತೂರಿನ ಕಬ್ಬಿನ ಕೀಟದಾಗ ಸಿಕ್ಕಿದ್ದು, 1992ರಾಗ ಹೆಸರು ಬಿತ್ತು. ನಮ್ಮ ಕಡೆ ಬಿಸಲು ತಡಕೊಳ್ಳೂ ತಾಕತ್ತು ಅದಕ್ಕ ಉಳದವಕ್ಕಿಂತ ಹೆಚ್ಚು.

— ಅಫಜಲಪುರ, ಆಳಂದ ಕಡೆ ಕಬ್ಬಿಗಿ ಗೊಣ್ಣಿ ಹುಳ ಬೀಳತದ. ಅದಕ್ಕ ಸರಿ. ನನ್ನ ತೊಗರಿ?

— ಅದೇ ನನ್ನ ತಲಿಬ್ಯಾನಿ.

— ನಾ ಹೇಳ್ಲೇನು ನಿನ್ನ ತಲಿಬ್ಯಾನಿ? ಕೀಡಿ ಇರೂದು ಹೂವಿನಾಗ, ಕಾಯಾಗ, ನೆಲದಿಂದ ಎದಿ ಎತ್ತರ. ನಿನ್ನ ಹುಳಕ್ಕ ನೀರಿನ ಪೊರಿ ಬೇಕು. ಎಲಿ ಮ್ಯಾಲ ಹೊಡದ್ರ ಮುಂಜಾನಿ ಹತ್ತಕ್ಕ ಒಣಗಿ ಸಾಯ್ತದ. ಹೌದಿಲ್ಲೋ?

— ಹೌದ್ರಿ. ಬಿಸಲಿನ ನೇರಳಾತೀತ ಕಿರಣವೂ ಕೊಲ್ತದ. ಸಂಜಿಗಿ ಹೊಡದು, ಅಂಟು ಕೂಡಿಸಿ, ಏನೇನೋ ಮಾಡಿ ನೋಡ್ಯಾರ. ಎಲಿ ಮ್ಯಾಲ ಇದು ಗೆದ್ದದ್ದು ಕಡಿಮಿ.

— ಎಲಿ ಮ್ಯಾಲಿನ ಕೆಲಸಕ್ಕ ನಮ್ಮಲ್ಲಿ ಬ್ಯಾರೆ ಇತ್ತು. ರೋಗ ಬಂದು ಕಾಯಿಗಿ ತಲಿಕೆಳಗಾಗಿ ಜೋತು ಬಿದ್ದ ಕೀಡಿ ಆರಿಸಿ, ಅರದು, ಸೋಸಿ, ಬೆಲ್ಲ ಹಾಕಿ ಸಂಜಿ ಮುಂದ ಹೊಡೀತಿದ್ವಿ. ಎನ್‌ಪಿವಿ ಅಂತ.

— ಅದು ವೈರಸ್. ಅದಕ್ಕ ಹೊರೂ ಹುಳ ಬ್ಯಾಡ, ಕೀಡಿ ತಾನೇ ತಿಂದು ಸಾಯ್ತದ.

— ಗಿಡ ಅಲ್ಲಾಡಿಸಿ ಕೀಡಿ ಉದರಿಸಿದ್ದೂ ಅದೇ ಕಾಲ. 1997-98ರ ಸಾಲಿನಾಗ ನೀ ಹುಟ್ಟಿದ್ದಿಲ್ಲ. ಹೂವಿನ ಹೊತ್ತಿಗಿ ಮಳಿ, ಹಿಂದೇ ಕೀಡಿ. ಒಂದು ಎಣ್ಣಿ ಹೊಡದ್ವಿ, ಸಾಯಲಿಲ್ಲ. ಎರಡು ಕೂಡಿಸಿ ಹೊಡದ್ವಿ, ಮೂರು ಕೂಡಿಸಿ ಹೊಡದ್ವಿ. ಎಣ್ಣಿ ಅಂಗಡಿ ಉದ್ರಿ ಹೆಚ್ಚಾತು, ಕೀಡಿ ಕಡಿಮಿ ಆಗಲಿಲ್ಲ. ಬೀದರ, ಕಲಬುರಗಿ ಕಡೆ ರೈತರು ಜೀವ ಕಳಕೊಂಡ್ರು, ಉರುಳು ಕೆಲವರು, ಅದೇ ಎಣ್ಣಿ ಕೆಲವರು. ಕಡೀಗಿ ನಾವು ಸಾಲಿನಾಗ ತಾಡಪತ್ರಿ ಎಳಕೋತ ಹೋದ್ವಿ. ಇಬ್ಬರು ತಾಡಪತ್ರಿ, ಇಬ್ಬರು ಗಿಡ. ಮಳಿ ಬಿದ್ದಂಗ ಸಪ್ಪಳ, ಕೀಡಿ ಬೀಳೂದು. ಆ ಸಪ್ಪಳ ಇನ್ನಾ ಕಿವ್ಯಾಗ ಅದ. ಕ್ವಾಳಿ ತಿಂದು ತಿಂದು ಸಾಕಾಗಿ ಮಕ್ಕೊಂಡ್ವು.

— ಕಾಕಾ, ತಾಡಪತ್ರಿ ತಪ್ಪಿಸಿಕೊಂಡ ಕೀಡಿ ಏನು ಮಾಡ್ತದ?

— ಸಣ್ಣದಿದ್ರ ಮತ್ತ ಗಿಡ ಏರ್ತದ. ಬಲತಿದ್ದು ಮಣ್ಣಾಗ ಹೊಗ್ತದ.

— ಅಲ್ಲಿಗೇ ಬಂದ್ರಿ ನೋಡ್ರಿ. ಬಲತ ಕೀಡಿ ಯಾರೂ ಉದರಿಸದಿದ್ರೂ ತಾನೇ ಇಳದು ಬರ್ತದ, ನಾಕು ಬಟ್ಟು ಮಣ್ಣಾಗ ಹೋಗಿ ಕೋಶ ಆಗ್ತದ, ಮುಂದ ಪತಂಗ ಆಗಿ ಎದ್ದು ನೂರಾರು ತತ್ತಿ ಇಡ್ತದ. ಮ್ಯಾಲ ಇದ್ದಾಗ ಎಣ್ಣಿ, ಹಕ್ಕಿ, ವೈರಸ್, ಎಲ್ಲಾರೂ ಅದರ ಬೆನ್ನು ಹತ್ತತಾರ. ಕೆಳಗ ಇಳದ ಮ್ಯಾಲ ಕೇಳಾವರಿಲ್ಲ. ಬುತ್ತಿ ಹೊತ್ತ ಹುಳ ಇರೂದು ಅಲ್ಲೇ.

— ಹಾಂ. ಈಗ ನನಗ ತಿಳೀತು ಮಣ್ಣು ಯಾಕ ಅಂತ. ಆದ್ರ ನಿನ್ನ ಮಾತಿನಾಗ ಒಂದು ತೂತು ಅದ, ಈ ಕಾಳಿನಂಗ. ಕೀಡಿ ಇಳಿಯೂದು ಯಾವಾಗ? ಡಿಸೆಂಬರ್. ಡಿಸೆಂಬರ್‌ದಾಗ ನನ್ನ ಎರಿ ಹೊಲ ಹ್ಯಾಂಗಿರ್ತದ ನೋಡೀಯೇನು? ಕಾಲು ಇಟ್ರ ಬಿರಕಿನಾಗ ಹಿಮ್ಮಡಿ ಹೋಗ್ತದ. ಕೊಡ ನೀರು ಹಾಕಿದ್ರ ಪಾತಾಳಕ್ಕ ಇಳೀತದ. ಎಲ್ಲಿ ಬಂತು ನಿನ್ನ ಪೊರಿ?

— ಎರಿ ಮಣ್ಣಿಗಿ ಇನ್ನೊಂದು ತೊಂದ್ರಿ ಅದ. ಹಸಿ ಇದ್ದಾಗೂ ಅದರ ಕಣ ಭಾಳ ಸಣ್ಣ, ನಡುವ ದಾರಿ ಇಕ್ಕಟ್ಟು. ಉಸುಕು ಬೆರತ ಮಣ್ಣಾಗ ಹುಳ ಓಡಾಡೂದು ಸಲೀಸು.

— ಮತ್ತ? ನಿನ್ನ ಹುಳ ಕಾಗದದ ಮ್ಯಾಲ ಗಟ್ಟಿ, ಹೊಲದಾಗ ಕಾಣಂಗಿಲ್ಲ. ನನಗ ಸಿಟ್ಟಿಲ್ಲ ತಂಗಿ. ಪ್ರತಿ ವರ್ಷ ಯಾರಾದ್ರೂ ಒಬ್ಬರು ಡಬ್ಬಿ ಹಿಡಕೊಂಡು ಬರ್ತಾರ, ಇದು ಹೊಡೀರಿ ತೊಗರಿ ಬಂಗಾರ ಆಗ್ತದ ಅಂತ. ನೀನೂ ಹಂಗೇ ಹೇಳ್ತಿ ಅಂದ್ಕೊಂಡಿದ್ದೆ. ಹೇಳಲಿಲ್ಲ, ಅದು ಭೇಷಿ.

— ತೊಗರಿ ಪೂರಾ ಕೈ ಬಿಡಬ್ಯಾಡ್ರಿ. ಸಪ್ಟೆಂಬರ್‌ದಾಗ ಮಣ್ಣು ಹಸಿ ಇರ್ತದ. ಆಗ ಇದೇ ಕೀಡಿ ಎಲ್ಲಿರ್ತದ?

— ಸೂರ್ಯಪಾನದಾಗ, ಹತ್ಯಾಗ. ತೊಗರಿ ಹೂವಾಗೂತನ ಅದು ಮನಿ ಮನಿ ತಿರಗತದ.

— ಆ ತಲಿಮಾರು ಮಣ್ಣಿಗಿ ಇಳಿಯೂ ಹೊತ್ತಿಗಿ ಹುಳ ಅಲ್ಲೇ ಇದ್ರ, ಡಿಸೆಂಬರಿಗಿ ಬರೂ ದಂಡು ಸಣ್ಣದಾದೀತೇನೋ ಅಂತ ನನ್ನ ಆಶಾ. ಖಾತ್ರಿ ಕೊಡಂಗಿಲ್ಲ. ಪತಂಗ ಹತ್ತೂರು ದಾಟಿ ಹಾರಿ ಬರ್ತದ, ನಿಮ್ಮ ಒಂದೇ ಹೊಲ ನೋಡಿಕೊಂಡ್ರ ಆಗಂಗಿಲ್ಲ.

— ಹುಳ ಬಿಟ್ಟು ಬುತ್ತಿ ಅಷ್ಟೇ ಹೊಡದ್ರ? ಬ್ಯಾಕ್ಟೀರಿಯಾನ ನೀರಿನಾಗ ಕಲಸಿ?

— ಜಗತ್ತಿನಾಗ ಭಾಳ ಮಂದಿ ಅದೇ ಪ್ರಶ್ನಿ ಹಿಡದಾರ. ಬ್ಯಾಕ್ಟೀರಿಯಾ ಬೆಳಸಿದ ದ್ರಾವಣ ಒಂದನ್ನೇ ತಿಂದ್ರ ಕೀಡಿ ಸಾಯೂದು ಜಾತಿ ಮ್ಯಾಲ, ವಯಸ್ಸಿನ ಮ್ಯಾಲ ಅದ. ಸಣ್ಣ ಮರಿ ಬೇಗ, ಬಲತದ್ದು ತಡಾ. ಆದ್ರ ಬಿಟಿ ಅನ್ನೂ ಬ್ಯಾಕ್ಟೀರಿಯಾ ಪುಡಿ ನೀವು ಹೊಡೀತೀರಲ್ಲ, ಅದರ ಜೋಡಿ ಝೀನೊರ್ಹ್ಯಾಬ್ಡಸ್ ದ್ರಾವಣ ಕೂಡಿಸಿದಾಗ ಬಿಟಿ ತಾಕತ್ತು ಹೆಚ್ಚಾಗೂದು ಕೊರಿಯಾದಾಗ ತೋರಿಸ್ಯಾರ. ಬಿಟಿ ಕರಳಿಗಿ ತೂತು ಹಾಕ್ತದ, ಝೀನೊರ್ಹ್ಯಾಬ್ಡಸ್ ಕಾವಲುಗಾರರ ವೈರ್ ಕತ್ತರಸ್ತದ.

— ನಮಗೇನೂ ಆಗಂಗಿಲ್ಲೇನು? ಬ್ಯಾಳಿ ತಿನ್ನೂ ಮಂದಿ ನಾವು.

— ಇಂಡಿಕಾದಂಥ ಹುಳ ಹೊಲಕ್ಕ ಬಿಡ್ಲಾಕ ಸುರಕ್ಷಿತ ಅಂತ ಒಪ್ಪ್ಯಾರ. ಆದ್ರ ಇವರ ಸಂಬಂಧಿಕರಾಗ ಒಬ್ಬ ಹಾದಿ ಬಿಟ್ಟಾವ ಇದ್ದಾನ. ಆಸ್ಟ್ರೇಲಿಯಾ, ಅಮೇರಿಕಾದಾಗ ಒಂದಿಷ್ಟು ಮಂದಿ ಗಾಯದಾಗ ಸಿಕ್ಕ ಫೋಟೊರ್ಹ್ಯಾಬ್ಡಸ್ ಜಾತಿ, ಅದಕ್ಕ ಮನಷಾನ ಮೈ ಶಾಖ ಹೊಂದತದ. ಮುಚ್ಚಿಡಬಾರದಂತ ಹೇಳಿದೆ. ಇನ್ನೊಂದು ಮಗ್ಗಲಿಗಿ ನೋಡ್ರಿ, ಕೀಡಿ ಹೆಣ ಕಾಯಲಾಕ ಫೋಟೊರ್ಹ್ಯಾಬ್ಡಸ್ ಬಿಡೂ ಒಂದು ರಾಸಾಯನಿಕ ಈಗ ಸೋರಿಯಾಸಿಸ್ ಮುಲಾಮು ಆಗ್ಯದ, ಅಮೇರಿಕಾದಾಗ 2022ರಾಗ ಒಪ್ಪಿಗಿ ಸಿಕ್ತು. ಡಾರೊಬ್ಯಾಕ್ಟಿನ್ ಅಂತ ಹೊಸ ಪ್ರತಿಜೀವಕವೂ 2019ರಾಗ ಇದೇ ಕುಲದಾಗ ಸಿಕ್ಕದ.

— ಅಂದ್ರ ರೈತಗಿಂತ ಮೊದಲು ದವಾಖಾನಿಗಿ ಮುಟ್ಟಿತು. ಯಾವಾಗೂ ಹಂಗೇ. ನೋಡು, ನನಗೊಂದು ಹೊಳೀತದ. ನೀ ನನ್ನ ತೊಗರಿ ಹೊಲದ ಮಣ್ಣು ಒಂದೇ ಒಯ್ಯಬ್ಯಾಡ. ಕಮಲಾಪುರಕ್ಕ ಹೋಗು, ನಿಮ್ಮತ್ತಿ ಮನಿಗಿ. ಅವರದು ಕೆಂಪು ಬಾಳಿ ತ್ವಾಟ, ಕೆಂಪು ಮಣ್ಣು, ವರ್ಷದ ಹನ್ನೆರಡು ತಿಂಗಳು ನೀರು, ಮ್ಯಾಲ ನೆರಳು. ಅಲ್ಲಿ ಬಾಳಿ ಗಡ್ಡಿ ಕೊರಿಯೂ ಸೊಂಡಿ ಹುಳದ ಕಾಟ ಅದ. ನಿನ್ನ ಪೊರಿ ಅಲ್ಲಿ ಸಿಗ್ತದ. ಎಕರೆ ತುಂಬ ಹಾಕೂದೂ ಬ್ಯಾಡ, ಬುಡಕ್ಕ ಬುಡಕ್ಕ ಹಾಕಿದ್ರ ಆತು, ನಿನ್ನ 5,000 ಕೀಡಿ ಲೆಕ್ಕಾನೂ ಇಳೀತದ.

— ಬಾಳಿ ಸೊಂಡಿ ಹುಳದ ಮ್ಯಾಲ ಹೊರಗಿನ ದೇಶದಾಗ ಪ್ರಯೋಗ ಆಗ್ಯಾವ. ಒಮ್ಮಿ ಭೇಷಿ ಬಂದದ, ಒಮ್ಮಿ ಇಲ್ಲ. ಗಡ್ಡಿ ಒಳಗಿನ ಮರಿ ಮುಟ್ಟೂದು ಸುಲಭ ಅಲ್ಲ. ಆದ್ರ ನೀವು ಹೇಳಿದ್ದು ಖರೆ, ನಾ ತೊಗರಿ ತೊಗರಿ ಅಂತ ಅದನ್ನ ಬಿಟ್ಟೇಬಿಟ್ಟಿದ್ದೆ. ನಾಳಿಗೇ ಕಮಲಾಪುರ ಬಸ್ಸು ಹಿಡೀತೀನಿ. ಆದ್ರೂ ನಿಮ್ಮ ಮಣ್ಣು ಬೇಕೇ ಬೇಕು. ನಮ್ಮ ಎರಿ, ನಮ್ಮ ಬಿಸಲು ತಡಕೊಂಡು ಯಾವುದಾದ್ರೂ ಹುಳ ಮೊದಲೇ ಇಲ್ಲಿ ಕೂತಿದ್ರ, ಅದಕ್ಕಿಂತ ಚೊಲೋದು ಕೊಯಮತ್ತೂರಿನಾಗ ಸಿಗಂಗಿಲ್ಲ.

— ಹ್ಯಾಂಗ ಹಿಡೀತಿ ಅದನ್ನ?

— ಡಬ್ಬ್ಯಾಗ ಹಸಿ ಮಣ್ಣು ಹಾಕಿ, ಐದಾರು ಮೇಣದ ಹುಳ ಬಿಟ್ಟು, ಮುಚ್ಚಳ ಹಾಕಿ, ಬೋರಲು ಇಡೂದು. ವಾರದಾಗ ತಗದು ನೋಡೂದು. ಸತ್ತ ಹುಳ ನಾರದೆ, ಕೆಂಪಗೋ ಹಳದಿಗೋ ತಿರುಗಿತ್ತಂದ್ರ ಸಿಕ್ತು. ಹೋದ ಸಲ ಮನ್ಯಾಗ ಇಟ್ಟಿದ್ದೆ, ಅವ್ವ ಡಬ್ಬಿ ತಿಪ್ಪಿಗಿ ಚೆಲ್ಲಿ, ಬೂದಿ ಹಚ್ಚಿ ತೊಳದಿಟ್ಟಿದ್ದಳು.

— ಆಕಿದೇನು ತಪ್ಪು? ಉಪ್ಪಿನಕಾಯಿ ಡಬ್ಬಿ ಇರಬೇಕು. ಮಣ್ಣು ನಡು ಹೊಲದಾಗ ತೊಗೋಬ್ಯಾಡ, ಅಲ್ಲಿ ಮೂವತ್ತು ವರ್ಷದ ಎಣ್ಣಿ ಕೂತದ. ಬಡಗಣ ಬದುವಿನ ಬೇವಿನ ಗಿಡದ ಬುಡಕ್ಕ ತೊಗೊ, ಅಲ್ಲಿ ಯಾರೂ ರೆಂಟಿ ಹೊಡದಿಲ್ಲ. ಇನ್ನೊಂದು, ಹಳೀ ಬಾವಿ ಕಟ್ಟಿ ಸುತ್ತ. ನೀರು ಬತ್ತಿದ್ರೂ ಅಲ್ಲಿ ತ್ಯಾವ ಇರ್ತದ, ಗಂಡಮೆಟ್ಟ ಹಾಕಿ ಒಂದು ಗೇಣು ತಗದ್ರ ಕೈಗಿ ಹತ್ತತದ.

— ನಿನ್ನೆ ಸಂಜಿಗೇ ಹೋಗಿ ಬಾವಿ ಕಡೀದು ಒಂದು ಡಬ್ಬಿ ತಂದೀನ್ರಿ. ಕೇಳದ ತಂದೆ, ಸಿಟ್ಟು ಮಾಡಬ್ಯಾಡ್ರಿ. ಅಗೋ, ತಕ್ಕಡಿ ಮಗ್ಗಲಿಗಿ ಇಟ್ಟೀನಿ.

— ತಕ್ಕಡಿ ಮಗ್ಗಲಿಗಿ? ಏ ತಮ್ಮಾ, ನಿಂದ್ರು! ಆ ಡಬ್ಬಿ ತೆರೀಬ್ಯಾಡ!

— ಸ್ಯಾಂಪಲ್ ಅಲ್ಲೇನ್ರಿ ಸಾಹುಕಾರ್ರ? ಟೆಂಡರಿನವ್ರು ಬಂದಾರ, ತೋರಸ್ಲಾಕ ಬೇಕಂದ್ರು. ಒಳಗ ಏನೋ ಮಣ್ಣು ಅದ, ಹುಳ ಬಿದ್ದಾವ.

— ಬಿದ್ದಿಲ್ಲ, ಬಿಟ್ಟಾರ. ಅದನ್ನ ಬೋರಲು ಹಾಕಿ ನೆರಳಿಗಿ ಇಡು. ತೊಗರಿ ಸ್ಯಾಂಪಲ್ ಈ ಕಡೆ ಅದ, ಒಯ್ಯಿ. ತೂತಿನ ಕಾಳು ತಳಕ್ಕ ಹಾಕಬ್ಯಾಡ, ಮ್ಯಾಲೇ ಇರಲಿ. ನೋಡೇ ಹಾಕಲಿ ರೇಟು.